ದ್ವಿತೀಯ ಸ್ಥಾನ, ಅಂದರೆ ಕಡೇ ಸ್ಥಾನ

ಅಳಗುಳಿಮಣೆ ಆಡಲು ಇಬ್ಬರು ಸಾಕು. ಒಂದು ದೇಶದ ಐಸ್ ಹಾಕಿ ಲೀಗ್ ನಡೆಸಲೂ ಎರಡೇ ತಂಡ ಸಾಕು ಎಂದು ಪೂರ್ವ ಜರ್ಮನಿ ಇಪ್ಪತ್ತು ವರ್ಷ ತೋರಿಸಿಕೊಟ್ಟಿತು.

1969ರಲ್ಲಿ ಅಲ್ಲಿನ ಸರ್ಕಾರ ಕ್ರೀಡೆಯ ಜಮಾಖರ್ಚು ಬಿಚ್ಚಿಕೊಂಡು ಕೂತಿತು. ಹಾಕಿಗೆ ಇಪ್ಪತ್ತು ಚಿಲ್ಲರೆ ಆಳು, ಅಷ್ಟೂ ಜನಕ್ಕೆ ಊಟ, ಸ್ಕೇಟು, ಕೋಲು, ಕವಚ. ಇಷ್ಟು ಸುರಿದರೂ ಒಲಿಂಪಿಕ್ಸ್‌ನಲ್ಲಿ ಸಿಕ್ಕರೆ ಒಂದು ಪದಕ. ಅದಕ್ಕೂ ಸೋವಿಯತ್ ಅಣ್ಣ ಅಡ್ಡ. ಅದೇ ದುಡ್ಡನ್ನು ಸ್ಕೇಟಿಂಗ್ ಓಟಕ್ಕೆ ಹಾಕಿದರೆ? ಮುಂದೆ 1984ರ ಸರಾಯೆವೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅವರ ಸ್ಕೇಟಿಂಗ್ ಓಟಗಾರ್ತಿ ಕರಿನ್ ಎಂಕೆ ಒಬ್ಬರೇ ನಾಲ್ಕು ಪದಕ ಹೊತ್ತು ತಂದರು. ಲೆಕ್ಕ ತಪ್ಪಿರಲಿಲ್ಲ ಅನ್ನಿ. ಶೆಟ್ಟರ ಅಂಗಡಿಯಲ್ಲೂ ಹೀಗೇ ಯೋಚಿಸುತ್ತಾರೆ.

1970ಕ್ಕೆ ಉಳಿದ ತಂಡಗಳಿಗೆಲ್ಲ ಬೀಗ ಬಿತ್ತು. ಬದುಕಿದವು ಎರಡು: ಡೈನಮೋ ಬರ್ಲಿನ್, ಡೈನಮೋ ವೈಸ್‌ವಾಸ್ಸರ್. ಮನೆತನದ ಹೆಸರು ಗಮನಿಸಿ. ಎರಡೂ ಪೊಲೀಸು, ಭದ್ರತಾ ಪಡೆಗಳ ಕ್ರೀಡಾ ಸಂಘದ ಮಕ್ಕಳು. ಸಂಘದ ಅಧ್ಯಕ್ಷರು ಎರಿಕ್ ಮೀಲ್ಕೆ. ಬಿಡುವಿಲ್ಲದ ಇನ್ನೊಂದು ಕೆಲಸವೂ ಅವರಿಗಿತ್ತು, ಸ್ಟಾಸಿ ಎಂಬ ಗುಪ್ತ ಪೊಲೀಸ್ ಖಾತೆಯ ಮಂತ್ರಿಗಿರಿ. ಅವರಿಗೆ ಹಾಕಿ ಎಂದರೆ ಪ್ರಾಣ, ಹಾಗಾಗಿ ಹಾಕಿಯ ಪ್ರಾಣ ಉಳಿಯಿತು. ಮುಂದಿನ ಪಂದ್ಯ ಯಾರ್ಯಾರಿಗೆ ಎಂದು ತಿಳಿಯಲು ಮಾತ್ರ ಬೇಹುಗಾರರು ಬೇಕಾಗಲಿಲ್ಲ.

ಅಂಕಪಟ್ಟಿ ಎರಡೇ ಸಾಲು. ಸೋತವರು ಇಡೀ ದೇಶಕ್ಕೆ ದ್ವಿತೀಯ, ಇಡೀ ದೇಶಕ್ಕೆ ಕಡೆ. ಮನೆಗೆ ಹೋಗಿ ಹೆಂಡತಿಗೆ ಯಾವುದನ್ನು ಹೇಳುವುದೋ ಅವರವರ ಜಾಣ್ಮೆ. ವೈಸ್‌ವಾಸ್ಸರ್ ಪೋಲೆಂಡ್ ಗಡಿ ಹತ್ತಿರದ, ಗಾಜಿನ ಕಾರ್ಖಾನೆಗಳ ಸಣ್ಣ ಊರು. ಆದರೂ ಆ ಇಪ್ಪತ್ತು ವರ್ಷದಲ್ಲಿ ಎಂಟು ಸಲ ರಾಜಧಾನಿಯನ್ನು ಬಗ್ಗಿಸಿ ಪ್ರಶಸ್ತಿ ಗೆದ್ದಿತು. ನಗುವ ಮುಂಚೆ ಒಂದು ಮಾತು: ಈ ಎರಡೇ ಮನೆಯವರನ್ನು ಬೆರೆಸಿ ಕಟ್ಟಿದ ರಾಷ್ಟ್ರೀಯ ತಂಡ 1983ರಲ್ಲಿ ಜಗತ್ತಿನ ಅಗ್ರ ಎಂಟರ ಗುಂಪಿನಲ್ಲಿ ಆಡಿತ್ತು. ಆಟಗಾರರದ್ದೇನೂ ತಪ್ಪಿಲ್ಲ ಸ್ವಾಮಿ.

1989ರ ನವೆಂಬರ್ 13ರಂದು, ಬರ್ಲಿನ್ ಗೋಡೆ ಬಾಯಿಬಿಟ್ಟು ನಾಲ್ಕು ದಿನವಾಗಿತ್ತು. ಮೀಲ್ಕೆ ಸಂಸತ್ತಿನಲ್ಲಿ ಎದ್ದು ನಿಂತು, ನಾನು ಎಲ್ಲರನ್ನೂ ಪ್ರೀತಿಸುತ್ತೇನೆ ಎಂದರು. ಸದನ ಗೊಳ್ಳೆಂದು ನಕ್ಕಿತು. ಪಾಪ, ಹಾಕಿಯ ಮಟ್ಟಿಗೆ ನಿಜವನ್ನೇ ಹೇಳಿದ್ದರು. ಲೀಗಿನ ಎಲ್ಲ ತಂಡಗಳನ್ನೂ ಪ್ರೀತಿಸಿದ್ದರು, ಎರಡನ್ನೂ.

ಮರುವರ್ಷ ಲೀಗ್ ಮುಗಿಯಿತು. ಕೊನೆಯ ಪ್ರಶಸ್ತಿ ವೈಸ್‌ವಾಸ್ಸರ್‌ಗೆ. ಭಾರೀ ಪೈಪೋಟಿಯ ನಡುವೆ ಬರ್ಲಿನ್ ದ್ವಿತೀಯ ಸ್ಥಾನ ಉಳಿಸಿಕೊಂಡಿತು.