‘ಪರಿಶೀಲನೆಗೆ ಕರ್ಕೊಂಡು ಹೋಗಿದಾರೆ’ ಅಂದಮೇಲೆ ತೋಟದ ಯಜಮಾನರು ಮಾಡಬೇಕಾದ ಕೆಲಸ

ಅಡಿಕೆಯ ಕೊನೆಕೊಯ್ಲು ಶುರುವಾದರೆ ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ತೋಟದ ಶೆಡ್ಡುಗಳು ತುಂಬುತ್ತವೆ. ಅಸ್ಸಾಂನಿಂದ ಬಂದವರು, ಬಂಗಾಳದ ಮಾಲ್ದಾ, ಮುರ್ಷಿದಾಬಾದ್ ಕಡೆಯವರು ಎಲ್ಲರೂ ನಮ್ಮ ಬಾಯಲ್ಲಿ ‘ಅಸ್ಸಾಮಿನವರು’. ಊರಲ್ಲಿ ಏನಾದರೂ ಕಳುವಾದ ದಿನ ಅದೇ ಜನ ‘ಬಾಂಗ್ಲಾದವರು’ ಆಗಿಬಿಡುತ್ತಾರೆ. ಆಮೇಲೆ ಒಂದು ಜೀಪು ಬರುತ್ತದೆ, ‘ಪರಿಶೀಲನೆ’ ಅಂತ ನಾಲ್ಕು ಜನರನ್ನು ಹತ್ತಿಸಿಕೊಂಡು ಹೋಗುತ್ತದೆ. ಯಾರ ಸಹಿಯೂ ಇಲ್ಲ, ಎಲ್ಲಿಯೂ ಬರೆದಿಲ್ಲ. ನನ್ನ ಪ್ರಕಾರ ವಲಸಿಗರ ಮೇಲಿನ ದೌರ್ಜನ್ಯ ಹುಟ್ಟುವುದು ವಿದೇಶಿಯರೆಂದು ಹಿಡಿದವರನ್ನು ಕೂಡಿಡುವ ದೊಡ್ಡ ಬಂಧನ ಕೇಂದ್ರದಲ್ಲಲ್ಲ, ಕಾಗದವೇ ಇಲ್ಲದ ಈ ಮೊದಲ ದಿನದಲ್ಲಿ.

ಕಾನೂನಿನಲ್ಲಿ ‘ಪರಿಶೀಲನೆಗೆ ಕೂರಿಸಿಕೊಳ್ಳುವುದು’ ಅಂತ ಬೇರೆ ಬಗೆಯಿಲ್ಲ. ಎದ್ದು ಹೋಗಲು ಬಿಡದಿದ್ದರೆ ಅದು ಬಂಧನ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ ಪ್ರಕಾರ ಅರೆಸ್ಟ್ ಮೆಮೊ, ಅಂದರೆ ಬಂಧನದ ವಿವರದ ಕಾಗದ ಬರೆಯಬೇಕು, ಅದಕ್ಕೆ ಮನೆಯವರೋ ಊರಿನ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ತೋಟದ ಯಜಮಾನರೇ, ಆ ಗೌರವಸ್ಥರು ನೀವೇ. 38ನೇ ಕಲಂ ವಿಚಾರಣೆಯ ವೇಳೆ ವಕೀಲರನ್ನು ಕಾಣುವ ಹಕ್ಕು ಕೊಡುತ್ತದೆ. 48ನೇ ಕಲಂ ಪ್ರಕಾರ ಬಂಧುವಿಗೋ ಸ್ನೇಹಿತರಿಗೋ ತಿಳಿಸಬೇಕು. ದಾರಿಯ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ‘ಅವರು ವಿದೇಶಿಯರು, ಅವರಿಗೆಂಥ ಹಕ್ಕು’ ಅಂತ ಯಾರಾದರೂ ಹೇಳಿದರೆ ಸಂವಿಧಾನದ 21ನೇ ವಿಧಿ ತೆಗೆದು ಓದಿ. ಅಲ್ಲಿರುವುದು ‘ವ್ಯಕ್ತಿ’ ಎಂಬ ಪದ, ‘ನಾಗರಿಕ’ ಅಲ್ಲ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ನಿಜವಾಗಿಯೂ ಗಡಿ ದಾಟಿ ಬಂದವರಿಗೂ ಈ ರಕ್ಷಣೆ ಇದೆ.

ಈ ಮೊದಲ ದಿನ ಯಾಕೆ ಇಷ್ಟು ಮುಖ್ಯ ಅಂದರೆ, ಮಾಮೂಲಿ ಕೇಸಿನಲ್ಲಿ ತಪ್ಪು ಸಾಬೀತು ಮಾಡುವುದು ಪೊಲೀಸರ ಹೊಣೆ, ಇಲ್ಲಿ ‘ನಾನು ಭಾರತೀಯ’ ಅಂತ ಸಾಬೀತು ಮಾಡುವುದು ಹಿಡಿಸಿಕೊಂಡವನ ಹೊಣೆ. 1946ರ ವಿದೇಶಿಯರ ಕಾಯ್ದೆಯ 9ನೇ ಕಲಂ ಹಾಗೆ ಹೇಳಿತ್ತು, ಅದರ ಜಾಗಕ್ಕೆ ಬಂದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ ಯಾರನ್ನೋ ಸುಮ್ಮನೆ ಹಿಡಿದು ‘ಸಾಬೀತು ಮಾಡು’ ಅನ್ನುವ ಹಾಗಿಲ್ಲ, ಸಂಶಯಕ್ಕೆ ಆಧಾರ ಇರಲೇಬೇಕು, ಹೆಸರಿನ ಕಾಗುಣಿತದ ಸಣ್ಣ ವ್ಯತ್ಯಾಸ ದೊಡ್ಡದು ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತು. ಅಸ್ಸಾಂನ ನಲ್ಬಾರಿಯ ಒಬ್ಬರನ್ನು 2012ರಲ್ಲಿ ವಿದೇಶಿ ಎಂದು ಘೋಷಿಸಿದ್ದ ಪ್ರಕರಣ ಅದು. ತಪ್ಪು ತಿದ್ದಲು 12 ವರ್ಷ ಬೇಕಾಯಿತು.

ಕಾಗುಣಿತದ ಸಂಕಟ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಅಂತ ತಾಲ್ಲೂಕು ಕಚೇರಿಗೆ ಅಲೆಯದ ಮನೆ ಯಾವುದಿದೆ? 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಎದ್ದು ಬಂದ ಕುಟುಂಬಗಳು ಇವತ್ತಿಗೂ ಭೂಮಿಯ ದಾಖಲೆಗೆ ಕಾಯುತ್ತಿವೆ. ಬ್ರಹ್ಮಪುತ್ರದ ದಂಡೆಯಲ್ಲೂ ಅದೇ ಕಥೆ. ನದಿ ಊರು ಕೊಚ್ಚಿಕೊಂಡು ಹೋದರೆ ಮತದಾರರ ಪಟ್ಟಿಯಲ್ಲಿ ಊರಿನ ಹೆಸರೂ ಬದಲಾಗುತ್ತದೆ. ಹೆಂಗಸರದ್ದು ಇನ್ನೂ ಕಷ್ಟ. ಮದುವೆಗೆ ಮೊದಲು ‘ಖಾತುನ್’, ಆಮೇಲೆ ‘ಬೀಬಿ’, ಗಂಡ ಸತ್ತರೆ ‘ಬೇವಾ’. ಮೂರು ಕಾಗದದಲ್ಲಿ ಮೂರು ಹೆಸರು, ಹೆಂಗಸು ಒಬ್ಬಳೇ. ಇನ್ನು ಭಾಷೆ. ಬಾಂಗ್ಲಾ ಮಾತಾಡಿದರೆ ಬಾಂಗ್ಲಾದೇಶದವರು ಅನ್ನುವುದಾದರೆ ಕಾಸರಗೋಡು, ಸೊಲ್ಲಾಪುರದ ಕನ್ನಡಿಗರನ್ನು ಏನನ್ನೋಣ?

ಹಾಗಾಗಿ ಮೇಸ್ತ್ರಿ ಕೆಲಸದವರನ್ನು ಕರೆತಂದು ಇಳಿಸಿದ ದಿನವೇ ಮಾಡಬೇಕಾದ ಕೆಲಸವಿದೆ. ಆಧಾರ್ ಜೆರಾಕ್ಸ್ ಒಂದರಿಂದ ಏನೂ ಆಗುವುದಿಲ್ಲ, ಅದು ಪೌರತ್ವದ ಪುರಾವೆಯೇ ಅಲ್ಲ. ವೋಟರ್ ಕಾರ್ಡಿನ ಎರಡೂ ಬದಿ, ಜನನ ಪ್ರಮಾಣಪತ್ರ, ಅಪ್ಪ ಅಮ್ಮನ ಹೆಸರಿರುವ ಹಳೆಯ ಮತದಾರರ ಪಟ್ಟಿಯ ಪುಟ, ಇವುಗಳ ಫೋಟೊ ನಿಮ್ಮ ಮೊಬೈಲಲ್ಲೂ ಅವರ ಊರಿನವರ ಮೊಬೈಲಲ್ಲೂ ಇರಲಿ. ಮೂಲ ಪ್ರತಿ ಮಾತ್ರ ಕಾರ್ಮಿಕರ ಕೈಯಲ್ಲೇ ಇರಬೇಕು. ಮುಂಗಡ ಕೊಟ್ಟಿದ್ದೇನೆ ಅಂತ ಮೇಸ್ತ್ರಿ ಕಾರ್ಡು ಇಟ್ಟುಕೊಂಡಿದ್ದರೆ ವಾಪಸ್ ಕೊಡಿಸಿ. ಜೀಪು ಬಂದ ದಿನ ಆ ಮೇಸ್ತ್ರಿ ಇನ್ನೆಲ್ಲೋ ಇರುತ್ತಾನೆ.

ವಿಳಾಸ ಬರೆಯುವುದರಲ್ಲೇ ಹೆಚ್ಚಿನ ತಪ್ಪು. ನಮ್ಮ ಲೆಕ್ಕದ ಪುಸ್ತಕದಲ್ಲಿ ‘ಅಸ್ಸಾಂ’ ಅಂತ ಒಂದೇ ಪದ ಇರುತ್ತದೆ. ಆ ಕಡೆಯ ವಿಳಾಸಕ್ಕೆ ಗ್ರಾಮ, ಅಂಚೆ ಕಚೇರಿ, ಪೊಲೀಸ್ ಠಾಣೆ, ಜಿಲ್ಲೆ ನಾಲ್ಕೂ ಬೇಕು. ಇಲ್ಲಿಂದ ಪರಿಶೀಲನೆಗೆ ಪತ್ರ ಹೋಗುವುದು ಆ ಠಾಣೆಗೇ. ಠಾಣೆಯ ಹೆಸರು ತಪ್ಪಿದರೆ ‘ಇಂಥವರು ಇಲ್ಲ’ ಎಂಬ ಉತ್ತರ ಬರುತ್ತದೆ, ಅದೇ ವಿದೇಶಿ ಅನ್ನುವುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ವಯಸ್ಸೂ ಸರಿಯಾಗಿ ಬರೆದುಕೊಳ್ಳಿ. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹುಟ್ಟಿನಿಂದಲೇ ನಾಗರಿಕರು. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮನ ದಾಖಲೆಯೂ ಬೇಕಾಗುತ್ತದೆ.

ಅವಸರ ಏನು ಮಾಡುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಬೇಡ. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶದ ಗಡಿ ದಾಟಿಸಿಬಿಟ್ಟರು. ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ವಾಪಸ್ ಕರೆತನ್ನಿ ಅಂದಿತು. ಆಕೆ ಬಂದದ್ದು ಡಿಸೆಂಬರ್‌ನಲ್ಲಿ.

ಗಡಿ ದಾಟಿಸದಿದ್ದರೆ ಬಂಧನ ಕೇಂದ್ರ. ನಮ್ಮ ರಾಜ್ಯದಲ್ಲಿ ನೆಲಮಂಗಲದ ಹತ್ತಿರದ ಸೊಂಡೆಕೊಪ್ಪದಲ್ಲಿ ಹಳೆಯ ಹಾಸ್ಟೆಲ್ ಕಟ್ಟಡವನ್ನು ಹಾಗೆ ಮಾಡಿದ್ದಾರೆ. ಕಳ್ಳತನಕ್ಕೆ ಜೈಲಾದವನಿಗೆ ಬಿಡುಗಡೆಯ ತಾರೀಖು ಗೊತ್ತಿರುತ್ತದೆ, ಇಲ್ಲಿ ಅದು ಇಲ್ಲ. ಬಾಂಗ್ಲಾದೇಶ ‘ನಮ್ಮವರು’ ಅಂತ ಒಪ್ಪುವವರೆಗೆ ಕೂರಬೇಕು. ಮ್ಯಾನ್ಮಾರಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾಗಳನ್ನು ಆ ದೇಶವೇ 1982ರ ಪೌರತ್ವ ಕಾಯ್ದೆಯಿಂದ ಹೊರಗಿಟ್ಟಿರುವಾಗ ಅವರನ್ನು ಒಪ್ಪಿಕೊಳ್ಳುವ ದೇಶವೇ ಇಲ್ಲ. ಅಸ್ಸಾಂನಲ್ಲಿ ವಿದೇಶಿ ಎಂದು ಘೋಷಿಸಿದವರನ್ನು ವರ್ಷಗಟ್ಟಲೆ ಜೈಲಿನೊಳಗೇ ಇಟ್ಟಿದ್ದರು. 2018ರಲ್ಲಿ ಮಾನವ ಹಕ್ಕುಗಳ ಹೋರಾಟಗಾರ ಹರ್ಷ ಮಂದರ್ ಅಲ್ಲಿನ ಗೋಲ್ಪಾರಾ, ಕೊಕ್ರಝಾರ್ ಜೈಲುಗಳ ಸ್ಥಿತಿ ಬಯಲು ಮಾಡಿದರು. ಶಿಕ್ಷೆಯಾದ ಕೈದಿಗೆ ಸಿಗುವ ಪೆರೋಲು, ಕೂಲಿ ಕೆಲಸವೂ ಇವರಿಗಿರಲಿಲ್ಲ. ಮೂರು ವರ್ಷ ಕಳೆದವರನ್ನು ಬಿಡಿ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಆದರೆ ತಲಾ 1 ಲಕ್ಷದ ಎರಡು ಜಾಮೀನು ಕೇಳಿತು. ದಿನಗೂಲಿಯವರಿಗೆ ಅದೆಲ್ಲಿಂದ ಬರಬೇಕು? ಕೊರೊನಾ ಬಂದಮೇಲೆ 2020ರಲ್ಲಿ ಅವಧಿ ಎರಡು ವರ್ಷಕ್ಕೆ, ಜಾಮೀನು 5,000ಕ್ಕೆ ಇಳಿಯಿತು.

ನಮ್ಮ ಕೈಯಲ್ಲಿರುವುದು ಮೊದಲ ದಿನ. ಕರೆದುಕೊಂಡು ಹೋದ ಹೊತ್ತು, ಗಾಡಿ ನಂಬರು ಬರೆದಿಟ್ಟುಕೊಳ್ಳಿ. ಠಾಣೆಗೆ ಹೋಗಿ ಅರೆಸ್ಟ್ ಮೆಮೊ ಕೇಳಿ. ಕೊಡದಿದ್ದರೆ ಅದನ್ನೇ ಬರಹದಲ್ಲಿ ಎಸ್‌ಪಿ ಕಚೇರಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. 15100ಕ್ಕೆ ಫೋನ್ ಮಾಡಿ ಉಚಿತ ಕಾನೂನು ನೆರವು ಕೇಳಿ, ಕನ್ನಡ ಬಾರದವರಿಗೆ ದುಭಾಷಿ ಬೇಕೆಂದೂ ಹೇಳಿ. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ ಅಂತ ಕಾರ್ಮಿಕರಿಗೆ ಮೊದಲೇ ತಿಳಿಸಿರಿ. 24 ಗಂಟೆ ಮೀರಿದರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಎಂಬ ಅರ್ಜಿ ಹಾಕಬಹುದು, ರಕ್ತಸಂಬಂಧಿಯೇ ಆಗಿರಬೇಕೆಂದಿಲ್ಲ, ಯಜಮಾನರೂ ಹಾಕಬಹುದು. ಸಾಗರ, ಸೊರಬದ ವಿಷಯವಾದರೆ ಬೆಂಗಳೂರು ಪೀಠ, ಪಕ್ಕದ ಸಿದ್ದಾಪುರ, ಶಿರಸಿಯದಾದರೆ ಧಾರವಾಡ.