ಟವರ್ ಹತ್ತಿರ ಇದ್ದರೆ ಫೋನ್ ಕಿರುಚಬೇಕಾಗಿಲ್ಲ

ಅಮ್ಮನ ಫೋನ್ ಬ್ಯಾಟರಿ ಸಂಜೆ ಹೊತ್ತಿಗೆ ಖಾಲಿ ಆಗಿಬಿಡುತ್ತಿತ್ತು. ಅವಳು ಮಾಡುವುದು ದಿನಕ್ಕೆ ಎರಡೋ ಮೂರೋ ಕಾಲ್. ಬ್ಯಾಟರಿ ಹಳೆಯದಾಯ್ತು ಅಂತ ಹೊಸದು ಹಾಕಿಸಿದ್ದೂ ಆಯ್ತು, ಕಥೆ ಅದೇ. ಒಂದು ಮಧ್ಯಾಹ್ನ ಒಳಕೋಣೆಯ ಕಪಾಟಿನಲ್ಲಿದ್ದ ಆ ಫೋನ್ ಎತ್ತಿಕೊಂಡೆ. ಬೆಳಗಿನಿಂದ ಯಾರೂ ಮುಟ್ಟಿರಲಿಲ್ಲ, ಆದರೂ ಕೈಗೆ ಬೆಚ್ಚಗೆ ತಾಗಿತು. ಸಿಗ್ನಲ್ ಕಡ್ಡಿ ಒಂದು ಬರುವುದು, ಹೋಗುವುದು, ಮತ್ತೆ ಬರುವುದು. ಕಿಟಕಿ ಪಕ್ಕ ಇಟ್ಟೆ, ಮೂರು ಕಡ್ಡಿ ಬಂತು. ಅವತ್ತಿನಿಂದ ಅದರ ಜಾಗ ಅದೇ, ಈಗ ಚಾರ್ಜ್ ಎರಡು ದಿನ ಬರುತ್ತದೆ.

ಅಮ್ಮ ಮಾತ್ರ ಕೇಳಿದಳು, "ಕಿಟಕಿ ಹತ್ತಿರ ಇಟ್ಟರೆ ಟವರ್ ರೇಡಿಯೇಷನ್ ಜಾಸ್ತಿ ಅಲ್ವೇನೋ?"

ಈ ಪ್ರಶ್ನೆ ಅವಳೊಬ್ಬಳದ್ದಲ್ಲ. ಮನೆ ಹತ್ತಿರ ಟವರ್ ಬೇಡ ಅನ್ನುವ ಜಗಳ ಎಲ್ಲ ಕಡೆ ಇದೆ. ಹೆದರುವವರನ್ನು ದಡ್ಡರು ಅನ್ನುವುದು ನನಗೆ ಇಷ್ಟವಿಲ್ಲ, ಮಕ್ಕಳಿರುವ ಮನೆಯವರು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಟವರ್ ದೂರ ಹೋದಷ್ಟೂ ನಮ್ಮ ಕಿವಿಗೆ ಅಂಟಿಕೊಂಡಿರುವ ಫೋನ್ ಜೋರಾಗಿ ಕಿರುಚಬೇಕಾಗುತ್ತದೆ, ಅಂದರೆ ಹೆಚ್ಚು ಶಕ್ತಿಯ ತರಂಗ ಹೊರಡಿಸಬೇಕಾಗುತ್ತದೆ ಅನ್ನುವುದನ್ನು ಆ ಜಗಳದಲ್ಲಿ ಯಾರೂ ಹೇಳುವುದಿಲ್ಲ. ಮೊಬೈಲ್ ನೆಟ್‌ವರ್ಕ್ ಅನ್ನುವುದು ನಿಂತಿರುವುದೇ ಎಲ್ಲರೂ ಮೆಲ್ಲಗೆ ಮಾತಾಡಬೇಕು ಅನ್ನುವ ಒಂದು ಲೆಕ್ಕದ ಮೇಲೆ.

ಮೊದಲು ಹಾಗಿರಲಿಲ್ಲ. 1946ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಾರಿನೊಳಗಿನ ಫೋನ್ ಸೇವೆ ಶುರುವಾಯ್ತು. ಊರಿಗೆಲ್ಲ ಒಂದೇ ಜೋರಾದ ಆಂಟೆನಾ. ಇದ್ದದ್ದು ಮೂರೇ ಚಾನೆಲ್, ಹಾಗಾಗಿ ಇಡೀ ಊರಿನಲ್ಲಿ ಒಂದು ಸಲಕ್ಕೆ ಮೂರೇ ಜನ ಮಾತಾಡಬಹುದಿತ್ತು. ನಾಲ್ಕನೆಯವರು ಕಾಯಬೇಕು. ದೊಡ್ಡ ಹಾಲ್‌ನಲ್ಲಿ ಒಬ್ಬರು ಮೈಕ್ ಹಿಡಿದರೆ ಉಳಿದವರ ಮಾತು ನಿಂತುಹೋಗುತ್ತದಲ್ಲ, ಹಾಗೆ. ಮೈಕ್ ಆಫ್ ಮಾಡಿ ಎಲ್ಲರೂ ಪಕ್ಕದವರ ಜೊತೆ ಮೆಲ್ಲಗೆ ಮಾತಾಡಿದರೆ ಅದೇ ಹಾಲ್‌ನಲ್ಲಿ ನೂರು ಮಾತುಕತೆ ನಡೆಯುತ್ತದೆ. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾ ಸಂಸ್ಥೆಯ ಡಗ್ಲಸ್ ರಿಂಗ್ ಬರೆದಿಟ್ಟ ಟಿಪ್ಪಣಿಯಲ್ಲಿ ಇದ್ದದ್ದು ಇದೇ ಯೋಚನೆ. ಊರನ್ನು ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೋಣೆಗಳಾಗಿ ಹಂಚು, ಪ್ರತಿ ಕೋಣೆಗೆ ಒಂದು ಸಣ್ಣ ಆಂಟೆನಾ ಇಡು, ಸ್ವಲ್ಪ ದೂರದ ಇನ್ನೊಂದು ಕೋಣೆಯಲ್ಲಿ ಅದೇ ತರಂಗವನ್ನು ಮತ್ತೆ ಬಳಸು. ಸೆಲ್ ಫೋನ್ ಅನ್ನುವ ಹೆಸರಿನ 'ಸೆಲ್' ಆ ಕೋಣೆಯೇ. ಅದು ಬಳಕೆಗೆ ಬರಲು ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು, ಟೋಕಿಯೋದಲ್ಲಿ ಮೊದಲ ಸೇವೆ ಶುರುವಾಗಿದ್ದು 1979ರಲ್ಲಿ.

ನಮ್ಮ ಮಾತು ಉಪಗ್ರಹಕ್ಕೆ ಹೋಗಿ ಬರುತ್ತದೆ ಅಂತ ಇವತ್ತಿಗೂ ಎಷ್ಟೋ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಗಾಳಿಯಲ್ಲಿ ಹೋಗುವುದು ಮುಖ್ಯವಾಗಿ ಫೋನ್‌ನಿಂದ ಟವರ್‌ವರೆಗೆ. ಅಲ್ಲಿಂದ ಮುಂದೆ ಬಹುಪಾಲು ನೆಲದಡಿಯ ಫೈಬರ್ ಕೇಬಲ್, ಬೇರೆ ದೇಶಕ್ಕಾದರೆ ಸಮುದ್ರದಡಿಯ ಕೇಬಲ್. ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಕಾಲ್ ಮಾಡಿದರೂ ಮಾತು ಟವರ್‌ಗೆ ಹೋಗಿ, ಕಂಪನಿಯ ದೂರದ ಯಂತ್ರಗಳನ್ನು ಸುತ್ತಿ, ಮತ್ತೆ ಟವರ್‌ಗೆ ಬಂದೇ ಪಕ್ಕದವರ ಕಿವಿ ಸೇರುವುದು.

ಮತ್ತೆ ಅಮ್ಮನ ಫೋನ್‌ಗೆ ಬರುತ್ತೇನೆ. ನಾವು ಮುಟ್ಟದಿದ್ದರೂ ಫೋನ್ ನಿದ್ದೆ ಮಾಡುವುದಿಲ್ಲ. ಹೆಚ್ಚು ಕಡಿಮೆ ಸೆಕೆಂಡಿಗೊಮ್ಮೆ ಎಚ್ಚರವಾಗಿ, ಟವರ್ ತನ್ನನ್ನು ಕರೆಯುತ್ತಿದೆಯಾ ಅಂತ ಕಿವಿಗೊಟ್ಟು ಮತ್ತೆ ಮಲಗುತ್ತದೆ. ನಾವು ಯಾವ ಟವರ್ ಕೆಳಗಿದ್ದೇವೆ ಅಂತ ನೆಟ್‌ವರ್ಕ್‌ಗೆ ಪ್ರತಿ ಕ್ಷಣ ಗೊತ್ತಿರುವುದಿಲ್ಲ. ಟವರ್‌ಗಳ ಯಾವ ಗುಂಪಿನಲ್ಲಿದ್ದೇವೆ ಅಂತ ಮಾತ್ರ ಗೊತ್ತಿರುತ್ತದೆ. ಕಾಲ್ ಬಂದಾಗ ಆ ಗುಂಪಿನ ಟವರ್‌ಗಳೆಲ್ಲ "ಇಂಥವರು ಇದ್ದೀರಾ?" ಅಂತ ಕೂಗುತ್ತವೆ. ನಮ್ಮ ಫೋನ್ "ಇಲ್ಲಿದ್ದೇನೆ" ಅನ್ನುತ್ತದೆ. ಹಳೆಯ ಸ್ಪೀಕರ್ ಪಕ್ಕ ಫೋನ್ ಇಟ್ಟಾಗ, ರಿಂಗ್ ಆಗುವುದಕ್ಕೆ ಸ್ವಲ್ಪ ಮೊದಲು ಟಿಟ್ಟಿಟ್ಟಿಟ್ ಅಂತ ಗುರುಗುಟ್ಟುತ್ತಿತ್ತು, ನೆನಪಿದೆಯಾ? ಆ "ಇಲ್ಲಿದ್ದೇನೆ" ಅನ್ನುವ ಉತ್ತರವೇ ಅದು. 2ಜಿ ಫೋನ್‌ಗಳು ಕಾಲ್ ನಡೆಯುವಾಗ ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ಮಾತಾಡುತ್ತಿದ್ದವು, ಆ ತುಂಡುಗಳು ಸ್ಪೀಕರ್ ವೈರ್‌ಗೆ ತಾಗಿ ಶಬ್ದವಾಗುತ್ತಿತ್ತು.

ಸಿಗ್ನಲ್ ಬಂದು ಹೋಗುವ ಜಾಗದಲ್ಲಿ ಪಾಡು ಬೇರೆ. ಟವರ್ ಕೈತಪ್ಪಿದಾಗಲೆಲ್ಲ ಫೋನ್ ತನಗೆ ಗೊತ್ತಿರುವ ತರಂಗಗಳನ್ನೆಲ್ಲ ಒಂದೊಂದಾಗಿ ಹುಡುಕಬೇಕು, ಸಿಕ್ಕಿದ ಮೇಲೆ ಪೂರ್ತಿ ಶಕ್ತಿ ಹಾಕಿ ಮತ್ತೆ ಹೆಸರು ಹೇಳಬೇಕು, ಅಷ್ಟರಲ್ಲಿ ಅದೂ ಹೋಗಿರುತ್ತದೆ. ಕಪಾಟಿನಲ್ಲಿ ಅಮ್ಮನ ಫೋನ್ ಇಡೀ ದಿನ ಇದನ್ನೇ ಮಾಡುತ್ತಿತ್ತು. ಆ ಬಿಸಿ ಅದರದ್ದು.

4ಜಿ ಫೋನ್ ಸಾಮಾನ್ಯವಾಗಿ ಹೊರಡಿಸಬಹುದಾದ ಗರಿಷ್ಠ ಶಕ್ತಿ 0.2 ವ್ಯಾಟ್. ಹಳೆಯ 2ಜಿ ಫೋನ್‌ಗಳದ್ದು 2 ವ್ಯಾಟ್‌ವರೆಗೂ ಇತ್ತು. ಟವರ್ ಹತ್ತಿರ ಸಿಕ್ಕಿದರೆ ಇದು ಸಾವಿರದಲ್ಲಿ ಒಂದು ಪಾಲಿಗೂ ಇಳಿಯುತ್ತದೆ. ಇಳಿಸುವುದು ಟವರ್ರೇ. "ಸಾಕು, ಕೇಳಿಸುತ್ತಿದೆ, ತಗ್ಗಿಸು" ಅಂತ ಅದು ಹೇಳುತ್ತಲೇ ಇರುತ್ತದೆ. 3ಜಿಯಲ್ಲಂತೂ ಈ ಏರಿಸು ತಗ್ಗಿಸು ಸೆಕೆಂಡಿಗೆ 1500 ಸಲ ನಡೆಯುತ್ತಿತ್ತು. ಒಬ್ಬರು ಜೋರಾದರೆ ಉಳಿದವರ ದನಿ ಮುಳುಗುತ್ತದೆ, ಅದಕ್ಕೇ. ನನಗೆ ಈ ವಿದ್ಯೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಕಾಲ್‌ನಲ್ಲಿರುವ ಪ್ರತಿ ಫೋನಿನ ದನಿಯನ್ನೂ ಹೀಗೆ ಕ್ಷಣಕ್ಷಣಕ್ಕೂ ತೂಗಿ ನೋಡುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಟವರ್? ಅದರ ದನಿ ಫೋನ್‌ಗಿಂತ ಎಷ್ಟೋ ಪಾಲು ಜೋರು, ನಿಜ. ಆದರೆ ದೂರ ಎರಡರಷ್ಟಾದರೆ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಗೋಡೆ ಮರ ಅಡ್ಡ ಬಂದರೆ ಇನ್ನೂ ಕಡಿಮೆ. ಅರ್ಧಂಬರ್ಧ ಕಡ್ಡಿ ಇರುವ ಜಾಗದಲ್ಲಿ ಫೋನ್‌ಗೆ ತಲುಪುವುದು ಒಂದು ವ್ಯಾಟ್‌ನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಅಷ್ಟರಲ್ಲೇ ವಿಡಿಯೋ ಕಾಲ್ ಕೂಡ ಸಾಗುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಅನ್ನುವ ಪಟ್ಟಿಗೆ ಸೇರಿಸಿತು. ಆಗಲೂ ಅವರು ಮುಖ್ಯವಾಗಿ ಆಧಾರ ಮಾಡಿಕೊಂಡದ್ದು ಕಿವಿಗೆ ಹಿಡಿಯುವ ಫೋನ್ ಬಳಕೆಯನ್ನು, ದೂರದ ಟವರನ್ನಲ್ಲ. ಟವರ್ ಹಾಕುವಾಗ ಆಂಟೆನಾ ಯಾವ ಕಡೆ ಮುಖ ಮಾಡಿದೆ, ಅಳತೆ ಮಿತಿಯೊಳಗಿದೆಯಾ ಅಂತ ಖಂಡಿತ ಕೇಳಿ. ದೂರ ಓಡಿಸುವುದರಿಂದ ಮಾತ್ರ ನಮಗೇ ನಷ್ಟ.

ಇನ್ನೊಂದು ದೂರು ದಿನಾ ಕೇಳುತ್ತೇನೆ, ಕಡ್ಡಿ ಫುಲ್ ಇದೆ, ನೆಟ್ ಓಡಲ್ಲ ಅಂತ. ಟವರ್ ದನಿ ಎಷ್ಟು ಜೋರಾಗಿ ಕೇಳಿಸುತ್ತಿದೆ ಅಂತ ಮಾತ್ರ ಕಡ್ಡಿ ಹೇಳುತ್ತದೆ. ಆ ಟವರನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಅಂತ ಹೇಳುವುದಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನುವುದಕ್ಕೂ ಎಲ್ಲ ಕಂಪನಿಗೆ ಒಂದೇ ನಿಯಮ ಇಲ್ಲ. ಜನ ಕಿಕ್ಕಿರಿದ ಕಡೆ ಕಾಲ್ ಹೋಗದಿದ್ದರೆ ಹತ್ತು ಸಲ ಒತ್ತಬೇಡಿ, ಒಂದು ಎಸ್‌ಎಂಎಸ್ ಕಳಿಸಿ. ಅದಕ್ಕೆ ಬೇಕಾದ ಜಾಗ ತುಂಬಾ ಕಡಿಮೆ, 140 ಬೈಟ್ ಅಷ್ಟೇ. ಇಂಗ್ಲಿಷ್ ಅಕ್ಷರ 160 ಹಿಡಿಸುತ್ತದೆ, ಕನ್ನಡ ಸಾಮಾನ್ಯವಾಗಿ 70. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಒಂದು 'ಕ್ಷ' ಬರೆದರೆ ಮೂರು ಹೋಯಿತು. ನಮ್ಮ ಲಿಪಿಗೆ ಇಷ್ಟು ಕಡಿಮೆ ಜಾಗ ಸಿಕ್ಕಿದ್ದು ನನಗೆ ಈಗಲೂ ಬೇಜಾರು.

ಅಮ್ಮನಿಗೆ ಇದನ್ನೆಲ್ಲ ನಿಧಾನವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಹಾಗಾದರೆ ಲಿಫ್ಟ್ ಒಳಗಿಂದ ಕಾಲ್ ಮಾಡಬಾರದು ಅಲ್ವೇನೋ?" ಅಂದಳು. ಹೊರಗೆ ಬಂದು ಮಾಡಮ್ಮ, ಅದಕ್ಕೂ ಕಿರುಚೋದು ತಪ್ಪುತ್ತೆ ಅಂದೆ. ನಿನ್ನೆ ಕಪಾಟಿನಲ್ಲಿದ್ದ ಅಪ್ಪನ ಫೋನನ್ನೂ ಅವಳೇ ತಂದು ಕಿಟಕಿ ಪಕ್ಕ ಇಟ್ಟಿದ್ದಾಳೆ.