ಒಂದು ರಿಮೋಟು, ಎರಡು ಸ್ಪರ್ಧೆ

ಶನಿವಾರ ರಾತ್ರಿ ಏಳೂವರೆ ಆಯಿತೆಂದರೆ ಧಾರವಾಡದ ನಮ್ಮ ಮನೆಯಲ್ಲಿ ರಿಮೋಟಿಗೆ ಕಿತ್ತಾಟ. ಅವ್ವನಿಗೆ ಹಾಡಿನ ಸ್ಪರ್ಧೆ ಬೇಕು, ಮಗಳಿಗೆ ಕುಣಿತದ್ದು. ಎರಡೂ ಒಂದೇ ಹೊತ್ತಿಗೆ. ಕಳೆದ ವಾರ ಒಂದು ವಾಹಿನಿ ಹದಿನೈದು ನಿಮಿಷ ಮೊದಲೇ ಶುರು ಮಾಡಿತು. ಎದುರಾಳಿಯ ನೋಡುಗರನ್ನು ಮುಂಚೆಯೇ ಹಿಡಿದು ಕೂರಿಸುವ ಹುನ್ನಾರ! ನಾನಿನ್ನೂ ರೊಟ್ಟಿ ಬಡಿಯುತ್ತಿದ್ದೆ, ಮೊದಲ ಹಾಡು ತಪ್ಪಿಹೋಯಿತು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂದು ಅಳೆಯುವ ಬಾರ್ಕ್ ಸಂಸ್ಥೆ ಗುರುವಾರ ಹೊರಡಿಸುವ ಟಿಆರ್‌ಪಿ ಅಂಕಕ್ಕಾಗಿ ಇಷ್ಟೆಲ್ಲ ಸರ್ಕಸ್ಸು. ಅದೂ ಟಿವಿಗೆ ಅವರ ಮೀಟರ್ ಕೂರಿಸಿದ ಕೆಲವು ಮನೆಗಳ ಲೆಕ್ಕ ಮಾತ್ರ. ನಮ್ಮ ಜಗಳ ಯಾವ ಲೆಕ್ಕಕ್ಕೂ ಇಲ್ಲ. ಜಾಹೀರಾತು ಬಂದಾಗಲಾದರೂ ಆ ಕಡೆ ಇಣುಕೋಣವೆಂದರೆ ಅಲ್ಲಿಯೂ ಅದೇ ಹೊತ್ತಿಗೆ ಸೋಪಿನ ಜಾಹೀರಾತು. ತೀರ್ಪುಗಾರರು ಅಂಕ ಹೇಳಲು ಬಾಯಿ ತೆರೆದರು, ಮತ್ತೆ ವಿರಾಮ. ಅಷ್ಟರಲ್ಲಿ ಅವ್ವ ರಿಮೋಟನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಳು.